ಓದುವವರು ಎಲ್ಲಿ ನಿಂತಿದ್ದಾರೆ?

(ತೀರ್ಥಹಳ್ಳಿಯಲ್ಲಿ ಪದವಿ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರವಣಿಗೆಯ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಕುಪ್ಪಳಿ ಇರುವ ತಾಲ್ಲೂಕು ಇದು. ಕಥೆ, ಕವಿತೆಯ ಬಗ್ಗೆ ಚೆನ್ನಾಗಿ ಮಾತಾಡಬಲ್ಲವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಬೇಕೆಂದು ಬಂದಿರುವುದು ಯಾರೂ ಸಾಹಿತ್ಯ ಎಂದು ಕರೆಯದ ಬರಹದ ಬಗ್ಗೆ. ಅಂಗನವಾಡಿ ಗೋಡೆಗೆ ಅಂಟಿಸುವ ಸೂಚನೆ, ಪಂಚಾಯಿತಿಗೆ ಕೊಡುವ ಮನವಿ, ಮಾಹಿತಿ ಹಕ್ಕಿನ ಅರ್ಜಿ, ತೋಟಕ್ಕೆ ಔಷಧಿ ಹೊಡೆಯುವ ಮೊದಲು ನೋಡಿಕೊಳ್ಳುವ ಕರಪತ್ರ, ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ನಾಲ್ಕು ಸಾಲು. ಕವಿತೆ ಸೋತರೆ ಓದುಗರು ಪುಟ ತಿರುಗಿಸುತ್ತಾರೆ, ಅಷ್ಟೇ. ಇವು ಸೋತರೆ ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗುತ್ತಾರೆ, ಅಡಿಕೆಗೆ ಕೊಳೆ ಬೀಳುತ್ತದೆ, ಹಳ್ಳಕ್ಕೆ ಹಾಕಬೇಕಿದ್ದ ಕಾಲುಸಂಕ ಇನ್ನೊಂದು ಮಳೆಗಾಲ ದಾಟುತ್ತದೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯಲು ಕೂತಾಗ ನಾವೆಲ್ಲ ಕೇಳಿಕೊಳ್ಳುವುದು ‘ಏನು ಬರೆಯಲಿ?’ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಎರಡಿದೆ. ಇದನ್ನು ಓದುವವರು ಆ ಹೊತ್ತಿಗೆ ಎಲ್ಲಿರುತ್ತಾರೆ? ಓದಿದ ಮೇಲೆ ಅವರ ಕೈಯಲ್ಲಿ ಏನು ಮಾಡಲು ಆಗುತ್ತದೆ? ಇವಕ್ಕೆ ಉತ್ತರ ಸಿಕ್ಕಿತೆಂದರೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು, ಯಾವ ಧಾಟಿಯಲ್ಲಿ ಹೇಳಬೇಕು ಎಂಬುದೆಲ್ಲ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನು ಮಂಗನ ಕಾಯಿಲೆಯ ಮೂಲಕವೇ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ. ಹೊರಗಿನ ಜಗತ್ತು ಇವತ್ತಿಗೂ ಅದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. 2018ರ ಕೊನೆಗೆ ಶುರುವಾಗಿ 2019ರಲ್ಲೂ ಮುಂದುವರಿದು ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಏನು ಮಾಡಿತು ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಈಗ ಈ ಸೂಚನೆಯನ್ನು ಕೇಳಿ. ನಾನೇ ಕಟ್ಟಿದ್ದು, ಆದರೆ ಇಂಥದ್ದನ್ನು ನೀವೆಲ್ಲ ಎಲ್ಲೋ ಓದಿರುತ್ತೀರಿ:

‘ಮಂಗನ ಕಾಯಿಲೆ ಹರಡುವ ಸಂಭವವಿರುವುದರಿಂದ ಸಾರ್ವಜನಿಕರು ಅರಣ್ಯ ಪ್ರದೇಶಕ್ಕೆ ತೆರಳಬಾರದೆಂದೂ, ಅಗತ್ಯ ಮುನ್ನೆಚ್ಚರಿಕೆ ಕ್ರಮಗಳನ್ನು ಕಡ್ಡಾಯವಾಗಿ ಅನುಸರಿಸತಕ್ಕದ್ದೆಂದೂ ಈ ಮೂಲಕ ಸೂಚಿಸಲಾಗಿದೆ.’

ಇದರಲ್ಲಿ ಸುಳ್ಳಿಲ್ಲ, ಕಾಗುಣಿತದ ತಪ್ಪಿಲ್ಲ. ಇದನ್ನು ಓದುವವರು ಯಾರು? ಬಸ್ ನಿಲ್ದಾಣದ ಗೋಡೆಯ ಮುಂದೆ, ಕೈಯಲ್ಲಿ ಚೀಲ ಹಿಡಿದು ನಿಂತಿರುವ ಒಬ್ಬ ಹೆಂಗಸು ಎಂದಿಟ್ಟುಕೊಳ್ಳಿ. ಮನೆಯಲ್ಲಿ ನಾಲ್ಕು ದನ. ಗದ್ದೆ ಕೊಯ್ಲು ಮುಗಿದಿದೆ, ಕಾಡಿನಲ್ಲಿ ಎಲೆ ಉದುರಲು ಶುರುವಾಗಿದೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಅವಳು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಬೇಕು. ತರದಿದ್ದರೆ ಕೊಟ್ಟಿಗೆಗೆ ಹಾಸಿಲ್ಲ, ಕೊಟ್ಟಿಗೆಗೆ ಹಾಸಿಲ್ಲದಿದ್ದರೆ ತೋಟಕ್ಕೆ ಗೊಬ್ಬರವಿಲ್ಲ. ಒಲೆಗೆ ಸೌದೆಯೂ ಅಲ್ಲಿಂದಲೇ. ಈ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ನೆಲದ ಎಲೆಯಲ್ಲಿ ಹೆಚ್ಚಾಗಿರುವುದು, ಮನುಷ್ಯರಿಗೆ ಕಚ್ಚುವುದು ಅದೇ ತಿಂಗಳುಗಳಲ್ಲಿ. ಅವಳ ಕೆಲಸದ ಕಾಲವೂ ಕಾಯಿಲೆಯ ಕಾಲವೂ ಒಂದೇ. ಅಂಥವಳಿಗೆ ‘ಅರಣ್ಯ ಪ್ರದೇಶಕ್ಕೆ ತೆರಳಬಾರದು’ ಎಂದರೆ ಅವಳು ಏನು ಮಾಡಬೇಕು? ಅವಳ ಮನೆಯ ಹಿತ್ತಲು ಮುಗಿಯುವಲ್ಲೇ ಕಾಡು ಶುರುವಾಗುತ್ತದೆ. ಈ ಮಾತು ತನಗೆ ಹೇಳಿದ್ದಲ್ಲ, ಕಾಡಿಗೆ ಸುಮ್ಮನೆ ತಿರುಗಾಡಲು ಹೋಗುವ ಯಾರಿಗೋ ಹೇಳಿದ್ದು ಎಂದುಕೊಂಡು ಅವಳು ಬಸ್ಸು ಹತ್ತುತ್ತಾಳೆ.

ಸೂಚನೆ ವ್ಯರ್ಥವಾಗುವುದಷ್ಟೇ ಆದರೆ ಹೋಗಲಿ ಎನ್ನಬಹುದಿತ್ತು. ಅದು ಕೆಡುಕನ್ನೂ ಮಾಡುತ್ತದೆ. ಹೋಗಬಾರದು ಎಂದು ಸರ್ಕಾರವೇ ಹೇಳಿದ ಮೇಲೆ, ಜ್ವರ ಬಂದು ಆಸ್ಪತ್ರೆಗೆ ಹೋದಾಗ ‘ಕಾಡಿಗೆ ಹೋಗಿದ್ದೆ’ ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ಹೆದರಿಕೆಯಾಗುತ್ತದೆ. ವೈದ್ಯರಿಗೆ ಮೊದಲ ದಿನವೇ ಗೊತ್ತಾಗಬೇಕಾದ ಮಾತು ಅದೊಂದೇ. ಈ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. ಬೇಗ ಗುರುತಿಸಿ, ದೇಹದಲ್ಲಿ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆಯಲ್ಲಿ ಎರಡು ದಿನ ತಡವಾದರೆ ಅದು ಸಣ್ಣ ಸಂಗತಿಯಲ್ಲ. ಓದುವವರನ್ನು ನೋಡದೆ ಬರೆದ ಒಂದು ಸಾಲು ಅವರನ್ನು ಸುಳ್ಳು ಹೇಳುವ ಸ್ಥಿತಿಗೆ ತಳ್ಳಿತು. ಇದು ನನ್ನನ್ನು ಬಹಳ ಕಾಡಿದ ವಿಷಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದೇ ಸೂಚನೆಯನ್ನು ಅವಳಿಗಾಗಿ ಬರೆಯೋಣ:

‘ದರಗಿಗೆ, ಸೌದೆಗೆ ಕಾಡಿಗೆ ಹೋಗುವವರಿಗೆ.
ಹೋಗುವ ಮೊದಲು ಆಶಾ ಕಾರ್ಯಕರ್ತೆ ಕೊಡುವ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.
ಮಂಗ ಸತ್ತ ಜಾಗಕ್ಕೆ ಹೋಗಬೇಡಿ. ಸತ್ತ ಮಂಗದ ಮೈಯಲ್ಲಿದ್ದ ಉಣುಗು ಕೆಳಗಿಳಿದು ಸುತ್ತಲಿನ ಎಲೆಯಲ್ಲಿ ಇರುತ್ತದೆ. ಆ ಜಾಗ ಎಲ್ಲಿ ಎಂದು ಅದೇ ದಿನ ತಿಳಿಸಿ.
ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿ. ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ನೋಡಿ.
ಆಮೇಲೆ ಎಂಟು ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಬನ್ನಿ. ಕಾಡಿಗೆ ಹೋಗಿದ್ದೆವು ಎಂದು ಹೇಳಿ. ಯಾರೂ ಬೈಯುವುದಿಲ್ಲ.’

ಕೊನೆಯ ಎರಡು ಪದ ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಬೇಕು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಾಗ ಅವಳ ಮನಸ್ಸಿನಲ್ಲಿರುವ ಅಳುಕಿಗೆ ಉತ್ತರ ಅದೇ. ಹಾಗೆಯೇ ಸತ್ತ ಮಂಗದ ವಿಷಯದಲ್ಲಿ ಬರೀ ‘ಹೋಗಬೇಡಿ’ ಎಂದು ನಿಲ್ಲಿಸದೆ ಕಾರಣವನ್ನೂ ಒಂದು ಸಾಲಿನಲ್ಲಿ ಕೊಟ್ಟಿದ್ದೇನೆ. ಕಾರಣ ಗೊತ್ತಾದರೆ ಕರಪತ್ರದಲ್ಲಿ ಇಲ್ಲದ ಸಂದರ್ಭದಲ್ಲೂ ಅವರು ತಾವೇ ಯೋಚಿಸಬಲ್ಲರು. ಮಂಗವನ್ನು ಸುಟ್ಟ ಮೇಲೂ ಆ ಜಾಗದಲ್ಲಿ ಕೂತು ಬುತ್ತಿ ಬಿಚ್ಚಬಾರದು, ಕಾಡಿನಲ್ಲಿ ಮೇಯ್ದು ಬಂದ ದನದ ಮೈಯನ್ನೂ ನೋಡಬೇಕು ಎಂಬುದನ್ನೆಲ್ಲ ನಾವು ಬರೆಯಬೇಕಾಗಿಲ್ಲ. ಮಲೆನಾಡಿನ ಜನ ಕಾಡನ್ನು ನಮಗಿಂತ ಚೆನ್ನಾಗಿ ಬಲ್ಲವರು. ಅವರಿಗೆ ಅಪ್ಪಣೆ ಕೊಡುವ ಬದಲು ಕಾರಣ ಕೊಡಿ.

ಇದೇ ಕಾಯಿಲೆಯ ಬಗ್ಗೆ ಪಂಚಾಯಿತಿ ಸದಸ್ಯರಿಗೆ ಬರೆಯುವಾಗ ಸ್ನಾನದ ವಿಷಯ ಬೇಡ. ಅವರು ಮಾಡಬಲ್ಲದ್ದು ಬೇರೆ: ಎಣ್ಣೆ ನವೆಂಬರಿನಲ್ಲೇ ಊರಿಗೆ ಬರುವಂತೆ ನೋಡಿಕೊಳ್ಳುವುದು, ಮಂಗ ಸತ್ತ ಸುದ್ದಿ ಯಾರಿಗೆ ತಲುಪಬೇಕೆಂದು ಗೊತ್ತುಮಾಡುವುದು, ದೂರದ ಮನೆಗಳಿಂದ ಆಸ್ಪತ್ರೆಗೆ ಗಾಡಿಯ ವ್ಯವಸ್ಥೆ. ಶಿವಮೊಗ್ಗ ಪೇಟೆಯಲ್ಲೋ ಬೆಂಗಳೂರಿನಲ್ಲೋ ಕೂತು ಪತ್ರಿಕೆ ಓದುವ ಮಗನಿಗೆ ಇರುವ ಪ್ರಶ್ನೆ ಇನ್ನೊಂದು: ಊರಿಗೆ ಹೋಗಬಹುದೇ, ಅಮ್ಮನ ಹತ್ತಿರ ಕೂತರೆ ನನಗೂ ಬರುತ್ತದೆಯೇ? ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎಂಬುದು ಅವನಿಗೆ ಬರೆಯುವ ಲೇಖನದ ಮೊದಲ ಸಾಲಾಗಬೇಕು. ವಿಷಯ ಒಂದೇ, ಬರಹ ಮೂರು. ಒಂದೇ ಕರಪತ್ರದಲ್ಲಿ ಮೂವರಿಗೂ ಹೇಳಲು ಹೊರಟರೆ ಮೂವರೂ ತಮಗೆ ಬೇಡದ್ದನ್ನು ಓದುತ್ತ ದಣಿಯುತ್ತಾರೆ.

ಈ ವಿದ್ಯೆ ಹೊಸದಲ್ಲ. ಹಳೆಯ ಅಥೆನ್ಸಿನಲ್ಲಿ ಇಂದಿನಂತೆ ವಕೀಲರು ನಿಂತು ವಾದಿಸುವ ಪದ್ಧತಿ ಇರಲಿಲ್ಲ. ತನ್ನ ದಾವೆಯನ್ನು ತಾನೇ ನೂರಾರು ಜನ ಪಂಚರ ಮುಂದೆ ನಿಂತು ಹೇಳಬೇಕಿತ್ತು. ಹಾಗಾಗಿ ಮಾತನ್ನು ಬರೆದುಕೊಡುವವರು ಹುಟ್ಟಿಕೊಂಡರು. ನಮ್ಮ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರ ಹಾಗೆ. ಅವರಲ್ಲಿ ಲೈಸಿಯಸ್ ಎಂಬವನು ಹೆಸರಾಂತ. ಅವನ ಹೆಸರಿನಲ್ಲಿ ಉಳಿದುಬಂದಿರುವ ಭಾಷಣಗಳಲ್ಲಿ ಒಂದನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಅಂಗವಿಕಲ ಬಡವನೊಬ್ಬನಿಗೆ ನಗರಸಭೆ ದಿನಕ್ಕೆ ಒಂದು ಒಬೊಲ್ (ಆ ಕಾಲದ ಸಣ್ಣ ನಾಣ್ಯ) ಲೆಕ್ಕದಲ್ಲಿ ಮಾಸಾಶನ ಕೊಡುತ್ತಿರುತ್ತದೆ. ಇವನು ಕುದುರೆ ಸವಾರಿ ಮಾಡುತ್ತಾನೆ, ಗಟ್ಟಿಯಾಗಿದ್ದಾನೆ, ನಿಲ್ಲಿಸಿ ಎಂದು ಯಾರೋ ದೂರು ಕೊಡುತ್ತಾರೆ. ಆತ ಹೇಳುವ ಉತ್ತರ ಹೀಗಿದೆ: ನನ್ನಲ್ಲಿ ಹಣವಿದ್ದಿದ್ದರೆ ಮೆತ್ತನೆ ಜೀನು ಹಾಕಿದ ಹೇಸರಗತ್ತೆಯ ಮೇಲೆ ಹೋಗುತ್ತಿದ್ದೆ, ಅದು ಇಲ್ಲದ್ದಕ್ಕೇ ದೂರ ಹೋಗಬೇಕಾದಾಗ ಬೇರೆಯವರ ಕುದುರೆ ಬೇಡಿ ಹತ್ತುತ್ತೇನೆ. ನೋಡಿ, ಇದರಲ್ಲಿ ಕಣ್ಣೀರಿಲ್ಲ, ದೊಡ್ಡ ಮಾತಿಲ್ಲ. ದೂರಿಗೆ ನೇರ ಉತ್ತರವಿದೆ. ಜೊತೆಗೆ ಆ ಮನುಷ್ಯನ ಧೈರ್ಯ, ಚುರುಕು, ಸ್ವಾಭಿಮಾನ ಎಲ್ಲವೂ ಕೇಳಿಸುತ್ತದೆ. ಬರೆದವನು ಲೈಸಿಯಸ್, ಆದರೆ ಕೇಳುವವರಿಗೆ ಸಿಕ್ಕುವುದು ಆ ಅಂಗವಿಕಲನ ದನಿ.

ನಮ್ಮಲ್ಲಿ ಮಾಸಾಶನದ ಅರ್ಜಿಗಳು ಹೇಗಿರುತ್ತವೆ? ‘ನಾನು ಕಡುಬಡವನಾಗಿದ್ದು, ಜೀವನ ನಿರ್ವಹಣೆ ಬಹಳ ಕಷ್ಟಕರವಾಗಿರುವುದರಿಂದ ದಯಾಳುಗಳಾದ ತಾವು’ ಎಂದು ಹತ್ತು ಅರ್ಜಿಯಲ್ಲಿ ಹತ್ತರಲ್ಲೂ ಇರುತ್ತದೆ. ಓದುವ ಗುಮಾಸ್ತರಿಗೆ ಹತ್ತೂ ಒಂದೇ. ಅದರ ಬದಲು ‘ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಮೊದಲು ಅಡಿಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸ ಮಾಡುತ್ತಿದ್ದೆ, ಈಗ ಮರ ಹತ್ತಲಾಗುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ ಕೂಲಿ ಸಿಗುತ್ತದೆ’ ಎಂದು ಬರೆದರೆ ಅಲ್ಲೊಬ್ಬ ಮನುಷ್ಯ ಕಾಣುತ್ತಾನೆ. ಕರುಣೆ ಹುಟ್ಟುವುದು ವಿಶೇಷಣದಿಂದಲ್ಲ, ವಿವರದಿಂದ.

ಲೈಸಿಯಸ್ ತೀರಿಕೊಂಡ ಸುಮಾರಿಗೆ ಹುಟ್ಟಿದ ಅರಿಸ್ಟಾಟಲ್ ‘ರೆಟರಿಕ್’ ಎಂಬ ಗ್ರಂಥದಲ್ಲಿ ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದ. ಕೇಳುವವರು ಒಪ್ಪುವುದು ಮೂರರಿಂದ ಎಂದ: ಹೇಳುತ್ತಿರುವವರ ಮೇಲಿನ ನಂಬಿಕೆ, ಕೇಳುವವರ ಮನಸ್ಸಿನ ಆ ಹೊತ್ತಿನ ಸ್ಥಿತಿ, ಮಾತಿನೊಳಗಿನ ಯುಕ್ತಿ. ಕಾಲೇಜು ಮಕ್ಕಳು ಇದನ್ನು ಪಠ್ಯದಲ್ಲಿ ಓದಿರುತ್ತೀರಿ, ಹಾಗಾಗಿ ವಿಸ್ತರಿಸುವುದಿಲ್ಲ. ಅದೇ ಗ್ರಂಥದ ಎರಡನೆಯ ಭಾಗದಲ್ಲಿ ಯುವಕರು ಹೇಗೆ ಯೋಚಿಸುತ್ತಾರೆ, ವಯಸ್ಸಾದವರು ಹೇಗೆ, ಉಳ್ಳವರು ಹೇಗೆ ಎಂದು ಅಧ್ಯಾಯಗಳೇ ಇವೆ. ಮಾತಿನ ಶಾಸ್ತ್ರ ಬರೆಯಲು ಹೊರಟವನು ಅಷ್ಟೊಂದು ಪುಟಗಳನ್ನು ಕೇಳುಗರ ಸ್ವಭಾವಕ್ಕೆ ಕೊಟ್ಟ ಎಂಬುದನ್ನು ಗಮನಿಸಿ.

ನನಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅವನ ಇನ್ನೊಂದು ವಿಂಗಡಣೆ. ನ್ಯಾಯಾಲಯದ ಮಾತು ನಡೆದುಹೋದದ್ದರ ಬಗ್ಗೆ, ಸಭೆಯ ಮಾತು ಮುಂದೆ ಮಾಡಬೇಕಾದದ್ದರ ಬಗ್ಗೆ, ಸನ್ಮಾನದ ಮಾತು ಈಗ ಎದುರಿಗಿರುವವರ ಗುಣದೋಷದ ಬಗ್ಗೆ. ಪಂಚಾಯಿತಿ ಮನವಿಗಳನ್ನು ಓದುವಾಗಲೆಲ್ಲ ಇದು ನೆನಪಾಗುತ್ತದೆ. ಹಳ್ಳಕ್ಕೊಂದು ಕಾಲುಸಂಕ ಬೇಕು ಎಂಬುದು ಕೋರಿಕೆ. ಮನವಿಯ ಮೊದಲ ಪುಟದಲ್ಲಿ ಏನಿರುತ್ತದೆ? ಹಿಂದೆ ಎಷ್ಟು ಸಲ ಕೇಳಿದೆವು, ಯಾರು ಮಾತು ಕೊಟ್ಟು ತಪ್ಪಿದರು, ಕಳೆದ ಸಲ ಹಾಕಿದ ಮೋರಿ ಹೇಗೆ ಕೊಚ್ಚಿಹೋಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಓದುತ್ತಿರುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಹಿಂದಿನವರ ತಪ್ಪಿಗೆ ತೀರ್ಪು ಕೊಡಲಾರರು. ಮೊದಲ ಪುಟ ಮುಗಿಯುವ ಹೊತ್ತಿಗೆ ಅವರು ತಮ್ಮ ಕಚೇರಿಯನ್ನು ಸಮರ್ಥಿಸಿಕೊಳ್ಳುವುದು ಹೇಗೆಂದು ಯೋಚಿಸಲು ಶುರುಮಾಡಿರುತ್ತಾರೆ. ಎರಡನೆಯ ಪುಟದಲ್ಲಿರುವ ಕೋರಿಕೆ ಅವರಿಗೆ ಕಾಣುವುದೇ ಇಲ್ಲ.

ಅವರ ಕೈಯಲ್ಲಿ ಆಗುವುದೇನು? ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವುದು, ಕ್ರಿಯಾ ಯೋಜನೆಗೆ ಸೇರಿಸುವುದು, ಇಂಜಿನಿಯರನ್ನು ಕರೆದು ಎಸ್ಟಿಮೇಟ್ ಮಾಡಿಸುವುದು, ತಮ್ಮ ಮಿತಿ ಮೀರಿದ ಮೊತ್ತವಾದರೆ ಮೇಲಿನ ಕಚೇರಿಗೆ ಬರೆಯುವುದು. ಹಾಗಾದರೆ ಮನವಿ ಆ ಕೆಲಸಕ್ಕೆ ಸಾಮಗ್ರಿ ಒದಗಿಸಬೇಕು. ಹಳ್ಳ ಎಲ್ಲಿ, ಯಾವ ಸರ್ವೆ ನಂಬರಿನ ಪಕ್ಕ. ಮಳೆಗಾಲದಲ್ಲಿ ಎಷ್ಟು ಅಡಿ ಅಗಲ ನೀರು. ಆಚೆ ಎಷ್ಟು ಮನೆ, ಶಾಲೆಗೆ ಬರುವ ಮಕ್ಕಳೆಷ್ಟು. ಯಾವ ತಿಂಗಳಿಂದ ಯಾವ ತಿಂಗಳವರೆಗೆ ದಾಟಲಾಗದು. ಸುತ್ತಿ ಬರುವ ದಾರಿ ಎಷ್ಟು ಕಿಲೋಮೀಟರ್. ಈಗ ಹಾಕಿಕೊಂಡಿರುವ ಅಡಿಕೆ ಮರದ ಸಂಕದ ಫೋಟೊ, ಬೇಸಿಗೆಯಲ್ಲಿ ತೆಗೆದದ್ದಲ್ಲ, ಜುಲೈ ತಿಂಗಳಲ್ಲಿ ತೆಗೆದದ್ದು. ಇಷ್ಟಿದ್ದರೆ ಅರ್ಧ ಟಿಪ್ಪಣಿ ನೀವೇ ಬರೆದುಕೊಟ್ಟ ಹಾಗೆ. ಕಳಪೆ ಮೋರಿಯ ವಿಚಾರ ಬಿಡಬೇಕೆಂದಲ್ಲ. ಅದು ಬೇರೆ ಪತ್ರ, ವಿಚಾರಣೆ ನಡೆಸುವ ಅಧಿಕಾರ ಇರುವವರ ಹೆಸರಿಗೆ.

ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಇದೇ ತೊಡಕು. 2005ರ ಆ ಕಾಯ್ದೆ ಸಾಮಾನ್ಯ ಮನುಷ್ಯನ ಕೈಗೆ ಕೊಟ್ಟಿರುವ ಬಲವನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಆದರೆ ‘ನಮ್ಮ ರಸ್ತೆ ಏಕೆ ಕಳಪೆಯಾಗಿದೆ?’ ಎಂದು ಕೇಳಿದರೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಹೊಣೆ. ಕಾರಣ ಹುಡುಕಿ ಅಭಿಪ್ರಾಯ ಬರೆದುಕೊಡುವುದು ಕಾಯ್ದೆಯಲ್ಲಿ ಬರುವುದಿಲ್ಲ. ಆದ್ದರಿಂದ ಆ ಅಧಿಕಾರಿಯ ಬೀರುವಿನ ಮುಂದೆ ನಿಂತು ಯೋಚಿಸಿ. ಅಲ್ಲಿ ಏನೇನಿದೆ? ಆ ಕಾಮಗಾರಿಯ ಎಸ್ಟಿಮೇಟ್ ಇದೆ, ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕದ ಪುಟಗಳಿವೆ, ಬಿಲ್ಲಿನ ಪ್ರತಿ ಇದೆ. ಕಾಮಗಾರಿಯ ಹೆಸರು, ವರ್ಷ ಹಾಕಿ ಅವುಗಳ ದೃಢೀಕೃತ ನಕಲು ಕೇಳಿ. ಬೇಕಾದರೆ ಕಾಮಗಾರಿಯನ್ನೇ ಪರಿಶೀಲಿಸಲು ಅವಕಾಶ ಕೇಳಿ, ಕಾಯ್ದೆಯಲ್ಲಿ ಅದೂ ಇದೆ. ರಸ್ತೆ ಏಕೆ ಕಳಪೆ ಎಂಬುದಕ್ಕೆ ಉತ್ತರ ಆ ಹಾಳೆಗಳಲ್ಲೇ ಸಿಗುತ್ತದೆ. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಮಾತಿದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ತೊಂದರೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಬರೆಯುವವರಿಗೆ ಮಾತ್ರ ಇದೊಂದು ಒಳ್ಳೆಯ ಅಭ್ಯಾಸ. 150 ಪದದಲ್ಲಿ ಪೀಠಿಕೆಗೂ ಬೇಸರ ತೋಡಿಕೊಳ್ಳುವುದಕ್ಕೂ ಜಾಗವಿರುವುದಿಲ್ಲ.

ಇಲ್ಲಿಯವರೆಗೆ ಓದುವವರು ಒಬ್ಬರೇ ಎಂಬಂತೆ ಮಾತಾಡಿದೆ. ಹಾಗಿರುವುದು ಕಡಿಮೆ. ಮನವಿ ಪಿಡಿಒ ಹೆಸರಿಗಿದ್ದರೂ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಕೇರಿಯವರೆಲ್ಲ ಕೇಳುತ್ತಾರೆ. ಸಚಿವರಿಗೆ ಬರೆದ ಬಹಿರಂಗ ಪತ್ರವನ್ನು ಸಚಿವರಿಗಿಂತ ಹೆಚ್ಚು ಪತ್ರಿಕೆಯ ಓದುಗರು ಓದುತ್ತಾರೆ. ಒಬ್ಬರನ್ನು ಉದ್ದೇಶಿಸಿ ಹೇಳಿ ಇನ್ನೊಬ್ಬರಿಗೆ ಕೇಳಿಸುವ ಈ ಕಲೆಯಲ್ಲಿ ನಮ್ಮ ಜಿಲ್ಲೆಗೆ 12ನೇ ಶತಮಾನದಿಂದಲೇ ಹಕ್ಕಿದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ವಚನಗಳನ್ನು ಆ ಕಿವಿಯಿಂದ ಕೇಳಿ. ಅವ್ವಾ ಎಂದೋ ಅಕ್ಕಾ ಎಂದೋ ಪಕ್ಕದ ಹೆಂಗಸನ್ನು ಕರೆದು ಮಾತು ಶುರುಮಾಡುತ್ತಾಳೆ, ಚೆನ್ನಮಲ್ಲಿಕಾರ್ಜುನನ ಹೆಸರಿಗೆ ಬಂದು ನಿಲ್ಲಿಸುತ್ತಾಳೆ. ಗೆಳತಿಗೆ ಹೇಳುವ ಸಲಿಗೆ, ದೇವರ ಮುಂದೆ ಇರುವ ನಿಜ, ಎರಡೂ ಆ ಕೆಲವೇ ಸಾಲಿನಲ್ಲಿ ಇವೆ. ಕೇಳುತ್ತಿರುವ ಲೋಕಕ್ಕೆ ಅವಳು ನೇರವಾಗಿ ಏನೂ ಹೇಳಿಲ್ಲ, ಆದರೂ ಲೋಕಕ್ಕೆ ತಟ್ಟುತ್ತದೆ. ನಿಮ್ಮ ಮನವಿಯಲ್ಲೂ ಅಧಿಕಾರಿಗೆ ಬೇಕಾದ ಅಳತೆ ಇರಲಿ. ಅದನ್ನು ಓದುವಾಗ ಕೇರಿಯವರು ‘ಹೌದು, ನಮ್ಮ ಪಾಡು ಇದೇ’ ಎನ್ನುವಂತೆಯೂ ಇರಲಿ. ಕೇರಿಯವರು ತಲೆದೂಗಲಿ ಎಂದು ಅಧಿಕಾರಿಯನ್ನು ಚುಚ್ಚಿದರೆ ಕೈತಟ್ಟುವವರು ಸಿಗುತ್ತಾರೆ, ಸಂಕ ಸಿಗುವುದಿಲ್ಲ.

ತೋಟದವರಿಗೆ ಬರೆಯುವ ಕರಪತ್ರದ ಬಗ್ಗೆ ಒಂದೆರಡು ಮಾತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶೇಕಡಾ 1ರದ್ದು ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಪುಸ್ತಕದಲ್ಲಿ ಹೀಗೆ ಬರೆಯುವುದು ಸರಿ. ಅಂಗಳದಲ್ಲಿ ಇರುವುದು 200 ಲೀಟರಿನ ಡ್ರಮ್ಮು. ಆದ್ದರಿಂದ ‘ಒಂದು ಡ್ರಮ್ಮಿಗೆ ಮೈಲುತುತ್ತ ಎರಡು ಕಿಲೋ, ಸುಣ್ಣ ಎರಡು ಕಿಲೋ’ ಎಂದೇ ಬರೆಯಿರಿ. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು ಎಂಬ ಎಚ್ಚರಿಕೆ ಹೊಯ್ಯುವ ಹಂತಕ್ಕೆ ಮೊದಲೇ ಬರಬೇಕು. ನಂತರ ‘ವಿಶೇಷ ಸೂಚನೆ’ ಎಂದು ಕೊಟ್ಟರೆ ಅಷ್ಟರಲ್ಲಿ ಹೊಯ್ದಾಗಿರುತ್ತದೆ. ಸರಿಯಾಯಿತೇ ನೋಡಲು ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು, ಕೆಂಪು ಬಣ್ಣ ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು ಎಂಬ ಪರೀಕ್ಷೆ ಇದೆಯಲ್ಲ, ಅದು ರಸಸಾರದ (ಪಿ.ಎಚ್.) ಅಂಕಿಗಿಂತ ಮೊದಲು ಬರಲಿ. ಕತ್ತಿ ಎಲ್ಲರ ಮನೆಯಲ್ಲೂ ಇದೆ. ಇಷ್ಟೆಲ್ಲ ಸರಿಯಾಗಿದ್ದೂ ಕರಪತ್ರ ಜುಲೈನಲ್ಲಿ ತಲುಪಿದರೆ ಉಪಯೋಗವಿಲ್ಲ. ಮೊದಲ ಸಲ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಯಾವಾಗ ತಲುಪುತ್ತದೆ ಎಂಬುದೂ ಬರಹದ ಭಾಗವೇ.

ಅಚ್ಚಿಗೆ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಯಾರಿಗಾಗಿ ಬರೆದಿದ್ದೀರೋ ಅಂಥ ಒಬ್ಬರ ಕೈಗೆ ಹಾಳೆ ಕೊಡಿ. ‘ಅರ್ಥವಾಯಿತಾ?’ ಎಂದು ಕೇಳಬೇಡಿ. ನಮ್ಮವರು ಎದುರಿಗಿರುವವರಿಗೆ ನೋವಾಗಬಾರದೆಂದು ‘ಆಯ್ತು’ ಎನ್ನುತ್ತಾರೆ. ‘ಇದನ್ನು ಓದಿದಿರಲ್ಲ ಅಕ್ಕ, ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ?’ ಎಂದು ಕೇಳಿ. ಅವರು ಹೇಳುವುದಕ್ಕೂ ನೀವು ಅಂದುಕೊಂಡದ್ದಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೋ ಆ ಸಾಲನ್ನು ಮತ್ತೆ ಬರೆಯಿರಿ.

ಪ್ರಶ್ನೆಗಳು

ವಿದ್ಯಾರ್ಥಿನಿಯೊಬ್ಬರು ಕೇಳಿದರು: ‘ಸರ್, ಓದುವವರ ಮನಸ್ಸನ್ನು ಇಷ್ಟು ಲೆಕ್ಕ ಹಾಕಿ ಬರೆಯುವುದು ಅವರನ್ನು ಮರುಳು ಮಾಡಿದ ಹಾಗಲ್ಲವಾ? ಜಾಹೀರಾತಿನವರೂ ರಾಜಕೀಯದವರೂ ಮಾಡುವುದು ಇದನ್ನೇ ಅಲ್ಲವಾ?’

ಬಹಳ ಹಳೆಯ, ಬಹಳ ಸರಿಯಾದ ಪ್ರಶ್ನೆ ತಾಯಿ. ಅರಿಸ್ಟಾಟಲನ ಗುರು ಪ್ಲೇಟೋಗೂ ಇದೇ ಅನುಮಾನ ಇತ್ತು. ಈ ವಿದ್ಯೆಯನ್ನು ಕೆಟ್ಟದ್ದಕ್ಕೆ ಬಳಸಬಹುದು, ಬಳಸುತ್ತಾರೆ. ನಾನು ಇಟ್ಟುಕೊಂಡಿರುವ ಅಳತೆ ಒಂದಿದೆ. ಇದನ್ನು ಹೀಗೆ ಏಕೆ ಬರೆದೆ ಎಂದು ಓದುವವರ ಎದುರಿಗೇ ಹೇಳಬಹುದೇ? ‘ಯಾರೂ ಬೈಯುವುದಿಲ್ಲ ಎಂದು ಬರೆದದ್ದು ನೀವು ಹೆದರಿ ಸುಮ್ಮನಾಗಬಾರದೆಂದು’ ಎಂದು ದರಗು ತರುವ ಆ ತಾಯಿಗೆ ನಾನು ಹೇಳಬಲ್ಲೆ. ಅವರಿಗೆ ಸಿಟ್ಟು ಬರುವುದಿಲ್ಲ. ಆದರೆ ಬೇರೆಲ್ಲೋ ತೆಗೆದ ಭಯಂಕರ ಫೋಟೊ ಹಾಕಿ, ಇದು ನಿಮ್ಮೂರಿನದೇ ಎಂದು ನಂಬಲಿ ಅಂತ ಕೆಳಗೆ ಏನೂ ಬರೆಯದೆ ಬಿಟ್ಟರೆ, ಅದನ್ನು ಅವರ ಎದುರು ಒಪ್ಪಿಕೊಳ್ಳಲಾರೆ. ಹೇಳಿಕೊಳ್ಳಲಾಗದ ಉಪಾಯವನ್ನು ಒಳ್ಳೆಯ ಉದ್ದೇಶಕ್ಕೂ ಬಳಸಬಾರದು. ಒಮ್ಮೆ ಸುಳ್ಳು ಎಂದು ಗೊತ್ತಾದರೆ ಮುಂದಿನ ವರ್ಷದ ನಿಜವಾದ ಸೂಚನೆಯನ್ನೂ ನಂಬುವುದಿಲ್ಲ. ಆಗ ಆಗುವ ನಷ್ಟ ನನ್ನದಲ್ಲ, ಅವರದು.

ಆಶಾ ಕಾರ್ಯಕರ್ತೆಯೊಬ್ಬರ ಪ್ರಶ್ನೆ: ‘ನಮ್ಮ ಕಡೆ ವಯಸ್ಸಾದವರಿಗೆ ಓದಲು ಬರಲ್ಲ. ಕೆಲವು ಮನೆಯಲ್ಲಿ ಮಾತಾಡುವುದೇ ಬೇರೆ ಭಾಷೆ. ಅವರಿಗೆ ಏನು ಬರೆಯೋದು?’

ನೀವು ಓದಿ ಹೇಳಲಿಕ್ಕೆ ಬರೆಯೋದು. ಅಂಥ ಹಾಳೆಯ ಮೊದಲ ಓದುಗರು ನೀವೇ ಆಗಿರುತ್ತೀರಿ, ಆದ್ದರಿಂದ ಅದು ನಿಮ್ಮ ಬಾಯಿಗೆ ಒಗ್ಗಬೇಕು. ಉಸಿರು ಎಳೆಯುವಷ್ಟರಲ್ಲಿ ಮುಗಿಯುವ ಸಾಲು. ಒಂದು ಸಾಲಿಗೆ ಒಂದೇ ಕೆಲಸ. ಅಂಕಿ ಒಂದೋ ಎರಡೋ ಸಾಕು, ಕೇಳಿಸಿಕೊಂಡವರ ತಲೆಯಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕಾಗದದಲ್ಲಿ ಹಿಂದಕ್ಕೆ ನೋಡಬಹುದು, ಕಿವಿಯಲ್ಲಿ ಹಾಗೆ ಆಗುವುದಿಲ್ಲ, ಹಾಗಾಗಿ ಮುಖ್ಯವಾದ್ದನ್ನು ಮೊದಲೊಮ್ಮೆ ಕೊನೆಗೊಮ್ಮೆ ಹೇಳಿ. ಉರ್ದುವೋ ಲಂಬಾಣಿಯೋ ಮಾತಾಡುವ ಮನೆಯಲ್ಲಿ ಶಾಲೆಗೆ ಹೋಗುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲು ಓದಿ ನಿಲ್ಲಿಸಿ, ಅದು ಅಜ್ಜಿಗೆ ಹೇಳಲಿ. ಸಿಗ್ನಲ್ ಸಿಗುವ ಕಡೆಗಳಲ್ಲಿ ವಾಟ್ಸಾಪಿಗೆ ಹಾಳೆಯ ಫೋಟೊ ಹಾಕುವ ಬದಲು ನಿಮ್ಮ ದನಿಯಲ್ಲೇ ಓದಿ ಕಳಿಸಿ. ಮನೆಬಾಗಿಲಿಗೆ ಬಂದು ಬಿ.ಪಿ. ನೋಡುವವರ ದನಿ ಎಂದು ಅವರಿಗೆ ಗೊತ್ತಾಗುತ್ತದೆ, ಕೊನೆಯವರೆಗೆ ಕೇಳುತ್ತಾರೆ. ಓದುವಾಗ ಅವರು ಮಧ್ಯೆ ತಡೆದು ಏನಾದರೂ ಕೇಳಿದರೆ ಅದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಸೂಚನೆ ಬರೆಯುವವರಿಗೆ ಆ ಹಾಳೆಯನ್ನೇ ಕೊಡಿ.